ಗ್ರಾಹಕರಿಗೆ ಕಳುಹಿಸುವ ಸ್ವಪರಿಚಯದಲ್ಲಿ ಹಾಸ್ಯ ಎಲ್ಲಿರಬೇಕು, ಎಲ್ಲಿರಬಾರದು?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮನೆಯಲ್ಲೇ ಕುಳಿತು ಸ್ವತಂತ್ರವಾಗಿ ಮೊಬೈಲ್ ಆ್ಯಪ್ ಮಾಡಿಕೊಡುವ ಕೆಲಸ ಮಾಡುತ್ತಿದ್ದೇನೆ. ಹೊಸ ಗ್ರಾಹಕರಿಗೆ ಕಳುಹಿಸಲೆಂದು ಒಂದು ಹಾಸ್ಯಮಯ ಸ್ವಪರಿಚಯ ಬರೆದೆ. ಸ್ನೇಹಿತರೂ ಮನೆಯವರೂ (ನಮ್ಮದು ದೊಡ್ಡ ಕೂಡುಕುಟುಂಬ) ಓದಿ ತುಂಬ ನಕ್ಕರು. ಆದರೆ ಕಳುಹಿಸಿದ ಕಡೆಗಳಿಂದ ಉತ್ತರವೇ ಬರುತ್ತಿಲ್ಲ. ಹಾಸ್ಯವನ್ನೆಲ್ಲ ತೆಗೆದು ಎಲ್ಲರ ಹಾಗೆ ಬರೆಯಬೇಕೇ? ಬರೆದದ್ದು ಹೀಗಿದೆ:

“ನಮಸ್ಕಾರ. ನಾನು ಆ್ಯಪ್ ಡೆವಲಪರ್, ಅಂದರೆ ಚಹಾ ಹೊಯ್ದರೆ ಕೋಡ್ ಕೊಡುವ ಯಂತ್ರ. ನಾಳೆ ಕೊಡುತ್ತೇನೆ ಎಂದರೆ ನಾಳೆಯೇ ಕೊಡುತ್ತೇನೆ, ಯಾವ ನಾಳೆ ಎಂದು ಮಾತ್ರ ಕೇಳಬೇಡಿ. ನನ್ನ ಆ್ಯಪ್‌ಗಳಲ್ಲಿ ಬಗ್ ಇರುವುದಿಲ್ಲ, ಇರುವುದೆಲ್ಲ ಮೊದಲೇ ತಿಳಿಸದ ಸೌಲಭ್ಯಗಳು. ನಮ್ಮೂರಿನಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಸುದ್ದಿಯಲ್ಲ, ಬಂದರೆ ಸುದ್ದಿ. ಹಾಗಾಗಿ ನನ್ನ ಆ್ಯಪ್‌ಗಳು ಇಂಟರ್ನೆಟ್ ಇಲ್ಲದೆಯೂ ಬದುಕಲು ಕಲಿತಿವೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳಂ, ಕಂಪ್ಯೂಟರ್ ಎದುರು ಇಂಗ್ಲಿಷ್: ನಾಲ್ಕರಲ್ಲೂ ಬೈಸಿಕೊಂಡ ಅನುಭವವಿದೆ. ದರ ಎಷ್ಟೆಂದರೆ, ಅದು ಬಂದವರ ಮುಖ ನೋಡಿ.”

ಇದುವರೆಗೆ ಮಾಡಿದ್ದರಲ್ಲಿ ಅಡಿಕೆ ಖರೀದಿ ಅಂಗಡಿಯೊಂದರ ಆ್ಯಪ್ ಚೆನ್ನಾಗಿ ನಡೆಯುತ್ತಿದೆ. ಅಂಗಡಿಯ ಯಜಮಾನರು ಮೊದಮೊದಲು ನಂಬಿಕೆ ಸಾಲದೆ ಆ್ಯಪ್ ಜತೆಗೆ ಪುಸ್ತಕದಲ್ಲೂ ಲೆಕ್ಕ ಬರೆದು ತಾಳೆ ನೋಡುತ್ತಿದ್ದರು. ಈಗ ಆ ಪುಸ್ತಕದ ಖಾಲಿ ಹಾಳೆಗಳಲ್ಲಿ ಅವರ ಮೊಮ್ಮಗಳು ಚಿತ್ರ ಬರೆಯುತ್ತಿದ್ದಾಳೆ.

ಉತ್ತರ: ಹಾಸ್ಯವನ್ನು ದಯವಿಟ್ಟು ತೆಗೆಯಬೇಡಿ. ಸಣ್ಣ ಉದ್ಯಮಗಳ ಪರವಾಗಿ ಡೆವಲಪರ್‌ಗಳನ್ನು ಆರಿಸಿಕೊಡುವುದು ನನ್ನ ವೃತ್ತಿ. ಆ ಕೆಲಸದಲ್ಲಿ ನನ್ನ ಕೈಗೆ ಬರುವ ಸ್ವಪರಿಚಯಗಳಲ್ಲಿ ಹೆಚ್ಚಿನವು ಒಂದನ್ನೊಂದು ನಕಲು ಮಾಡಿದಂತಿರುತ್ತವೆ. ಎಲ್ಲರೂ ಶ್ರಮಜೀವಿಗಳು, ಎಲ್ಲರೂ ಗುಣಮಟ್ಟಕ್ಕೆ ಬದ್ಧರು, ಎಲ್ಲರಿಗೂ ಗ್ರಾಹಕರ ತೃಪ್ತಿಯೇ ಗುರಿ. ಅವುಗಳ ನಡುವೆ ಮನುಷ್ಯನ ದನಿ ಕೇಳಿಸುವ ಬರಹವೊಂದು ಬಂದರೆ ಓದುವವನ ಕಣ್ಣು ಅಲ್ಲಿ ನಿಲ್ಲುತ್ತದೆ. ನಿಮ್ಮ ಬರಹದಲ್ಲಿ ಆ ದನಿ ಇದೆ. ಕೊರತೆ ಇರುವುದು ನಗೆ ಬಿದ್ದ ಜಾಗದಲ್ಲಿ. ನೀವು ಬರೆದ ಆರು ನಗೆಮಾತುಗಳಲ್ಲಿ ಒಂದು ಮಾತ್ರ ನಿಮ್ಮ ಪರವಾಗಿ ಕೆಲಸ ಮಾಡುತ್ತಿದೆ, ಇನ್ನೊಂದು ಅರ್ಧ ದಾರಿಯಲ್ಲಿ ನಿಂತಿದೆ, ಉಳಿದ ನಾಲ್ಕು ನಿಮ್ಮ ವಿರುದ್ಧ ಸಾಕ್ಷಿ ನುಡಿಯುತ್ತಿವೆ.

ಇದನ್ನು ಕಂಡುಕೊಳ್ಳಲು ಒಂದು ಸುಲಭದ ಪರೀಕ್ಷೆ ಇದೆ. ಪ್ರತಿಯೊಂದು ನಗೆಮಾತಿನಿಂದ ನಗೆಯನ್ನು ತೆಗೆದುಬಿಟ್ಟು, ಅದರಲ್ಲಿ ಉಳಿಯುವ ಹೇಳಿಕೆಯನ್ನು ಸಾದಾ ವಾಕ್ಯವಾಗಿ ಒಂದು ಹಾಳೆಯಲ್ಲಿ ಬರೆಯಿರಿ. ‘ಯಾವ ನಾಳೆ ಎಂದು ಕೇಳಬೇಡಿ’ ಎಂಬುದರಲ್ಲಿ ಉಳಿಯುವುದು ‘ನಾನು ಹೇಳಿದ ದಿನಕ್ಕೆ ಕೊಡುವುದಿಲ್ಲ’ ಎಂಬ ಮಾತು. ‘ಮೊದಲೇ ತಿಳಿಸದ ಸೌಲಭ್ಯಗಳು’ ಎಂಬುದರಲ್ಲಿ ಉಳಿಯುವುದು ‘ಆ್ಯಪ್‌ನಲ್ಲಿ ದೋಷಗಳಿರುತ್ತವೆ, ಆದರೆ ನಾನು ಅವನ್ನು ದೋಷವೆಂದು ಒಪ್ಪುವುದಿಲ್ಲ’ ಎಂಬ ಮಾತು. ‘ಮುಖ ನೋಡಿ ದರ’ ಎಂದರೆ ಇಬ್ಬರು ಗ್ರಾಹಕರಿಗೆ ಒಂದೇ ಕೆಲಸಕ್ಕೆ ಎರಡು ದರ ಎಂದಾಯಿತು. ಚಹಾದ ಮಾತಿನಲ್ಲಿ ‘ನಾನು ಚಹಾ ಕುಡಿಯುತ್ತೇನೆ’ ಎಂಬುದರ ಹೊರತು ಏನೂ ಉಳಿಯುವುದಿಲ್ಲ; ಅದಲ್ಲದೆ ಕಾಫಿಯ ಹೆಸರಿನಲ್ಲಿ ಜಗತ್ತಿನ ಸಾವಿರಾರು ಡೆವಲಪರ್‌ಗಳು ಹೇಳಿ ಸವೆಸಿದ ಮಾತದು. ಈ ನಾಲ್ಕು ಸಾದಾ ವಾಕ್ಯಗಳನ್ನು ಒಟ್ಟಿಗೆ ಓದಿದರೆ, ಇಂಥವರಿಗೆ ಕೆಲಸ ಕೊಡಬೇಕೆಂದು ಯಾರಿಗೆ ತಾನೆ ಅನಿಸೀತು?

ಹಾಗಿದ್ದರೆ ಸ್ನೇಹಿತರು ನಕ್ಕದ್ದು ಸುಳ್ಳೇ? ಖಂಡಿತ ಅಲ್ಲ. ನೀವು ಹೇಳಿದ ದಿನಕ್ಕೆ ಕೆಲಸ ಮುಗಿಸುವವರು, ದೋಷ ಕಂಡರೆ ರಾತ್ರಿ ಕುಳಿತಾದರೂ ತಿದ್ದುವವರು ಎಂಬುದು ಅವರಿಗೆ ಮೊದಲೇ ಗೊತ್ತು. ಗೊತ್ತಿರುವ ಆ ಸತ್ಯಕ್ಕೂ ಕಾಗದದ ಮೇಲಿನ ಮಾತಿಗೂ ಇರುವ ಅಂತರವೇ ಅವರನ್ನು ನಗಿಸಿತು. ಅಪರಿಚಿತ ಗ್ರಾಹಕನ ಕೈಯಲ್ಲಿರುವುದು ಕಾಗದದ ಮಾತು ಮಾತ್ರ. ಹಾಗಾಗಿ ತನ್ನನ್ನೇ ಹಗುರ ಮಾಡಿಕೊಳ್ಳುವ ಹಾಸ್ಯ ನಂಬಿಕೆ ಬೆಳೆದ ಮೇಲಿನ ಸಂಬಂಧಕ್ಕೆ ಸಲ್ಲುತ್ತದೆ. ನಂಬಿಕೆಯನ್ನು ಮೊದಲ ಬಾರಿ ಕೇಳಲು ಹೊರಟ ಪತ್ರಕ್ಕೆ ಅದು ಸಲ್ಲುವುದಿಲ್ಲ.

ನಿಮ್ಮ ಗ್ರಾಹಕರು ಯಾರೆಂದು ಸ್ವಲ್ಪ ಯೋಚಿಸಿ. ಕುಂಬಳೆಯಲ್ಲೋ ಮುಳ್ಳೇರಿಯಾದಲ್ಲೋ ಅಂಗಡಿ ಇಟ್ಟವರು, ಮಂಗಳೂರಿನಲ್ಲಿ ಕ್ಲಿನಿಕ್ ನಡೆಸುವವರು, ದುಬೈಯಲ್ಲಿ ಸಣ್ಣ ವ್ಯಾಪಾರ ಮಾಡುತ್ತ ಊರಿನವರಿಂದಲೇ ಕೆಲಸ ಮಾಡಿಸಬೇಕೆಂದು ಬಯಸುವ ನಮ್ಮ ಜಿಲ್ಲೆಯವರು. ಇವರಲ್ಲಿ ಹೆಚ್ಚಿನವರಿಗೆ ಕೋಡ್ ಓದಲು ಬರುವುದಿಲ್ಲ, ಆದ್ದರಿಂದ ನಿಮ್ಮ ಕೆಲಸವನ್ನು ಅವರು ನೇರವಾಗಿ ಅಳೆಯಲಾರರು. ಮುಂಗಡ ತೆಗೆದುಕೊಂಡು ನಡುವೆಯೇ ಫೋನ್ ಎತ್ತದಂತಾದ ಡೆವಲಪರ್‌ನ ಕಥೆಯನ್ನು ಅವರು ಸ್ವಂತ ಅನುಭವದಿಂದಲೋ ನೆರೆಯ ಅಂಗಡಿಯವರಿಂದಲೋ ತಿಳಿದಿರುತ್ತಾರೆ. ಅವರ ಭಯಗಳು ನಾಲ್ಕು: ಹೇಳಿದ ದಿನಕ್ಕೆ ಬರುತ್ತದೆಯೇ, ಹೇಳಿದ ಹಣದಲ್ಲಿ ಮುಗಿಯುತ್ತದೆಯೇ, ಕೆಟ್ಟರೆ ಸರಿಮಾಡುವವರು ಇರುತ್ತಾರೆಯೇ, ನಾಳೆ ಜಗಳವಾದರೆ ಆ್ಯಪ್ ಯಾರ ಕೈಯಲ್ಲಿ ಉಳಿಯುತ್ತದೆ. ನಿಮ್ಮ ಆರು ಮಾತುಗಳಲ್ಲಿ ಮೂರು ಸರಿಯಾಗಿ ಈ ಭಯಗಳ ಮೇಲೆಯೇ ಹೋಗಿ ಕುಳಿತಿವೆ.

ನಮ್ಮ ಸೀಮೆಯ ಯಕ್ಷಗಾನ ನೋಡುತ್ತ ಬೆಳೆದ ನಿಮಗೆ ಇದನ್ನು ಹೀಗೆ ಹೇಳಿದರೆ ಬೇಗ ಮನಸ್ಸಿಗೆ ಹತ್ತೀತು. ಹಾಸ್ಯಗಾರ ದೂತನಾಗಿ ರಂಗಕ್ಕೆ ಬಂದಾಗ ಸಭೆಯೆಲ್ಲ ನಗುತ್ತದೆ, ಆದರೆ ಒಳ್ಳೆಯ ಹಾಸ್ಯಗಾರ ಆ ನಗುವಿನ ನಡುವೆಯೇ ತಾನು ಯಾರ ಕಡೆಯಿಂದ ಬಂದವನು, ಯಾವ ಸುದ್ದಿ ತಂದವನು ಎಂಬುದನ್ನು ಒಂದು ಅಕ್ಷರವೂ ತಪ್ಪದಂತೆ ಮುಟ್ಟಿಸುತ್ತಾನೆ, ಮತ್ತು ಆ ಸುದ್ದಿಯಿಂದಲೇ ಪ್ರಸಂಗ ಮುಂದೆ ಸಾಗುತ್ತದೆ. ಸ್ವಪರಿಚಯದ ಹಾಸ್ಯಕ್ಕೂ ಅಷ್ಟೇ ಕೆಲಸ. ನಗೆಯೊಳಗೆ ಸುದ್ದಿ ಇರಬೇಕು. ಆ ವಾಕ್ಯವನ್ನು ಕಿತ್ತರೆ ನಗುವಿನ ಜತೆ ಒಂದು ನಿಜವಾದ ಮಾಹಿತಿಯೂ ಹೋಗುವಂತಿರಬೇಕು.

ಈಗ ನಿಮ್ಮ ಕರೆಂಟ್ ಮಾತಿಗೆ ಬರೋಣ, ಏಕೆಂದರೆ ಅದು ಈ ಪರೀಕ್ಷೆಯಲ್ಲಿ ಪೂರ್ಣವಾಗಿ ಗೆದ್ದಿದೆ. ನಗೆಯನ್ನು ತೆಗೆದರೆ ‘ನನ್ನ ಆ್ಯಪ್‌ಗಳು ನೆಟ್‌ವರ್ಕ್ ಇಲ್ಲದಾಗಲೂ ಕೆಲಸ ಮಾಡುತ್ತವೆ’ ಎಂಬ, ಹಣ ತೆತ್ತು ಪಡೆಯಬೇಕಾದ ಗುಣವೊಂದು ಉಳಿಯುತ್ತದೆ. ನಗುವಂಥದ್ದು ನಿಮ್ಮ ದೌರ್ಬಲ್ಯವೂ ಅಲ್ಲ, ಗ್ರಾಹಕನ ಭಯವೂ ಅಲ್ಲ. ನೀವೂ ಗ್ರಾಹಕನೂ ಒಟ್ಟಿಗೆ ಅನುಭವಿಸುವ ಜೂನ್ ತಿಂಗಳು. ಆದರೆ ‘ಬದುಕಲು ಕಲಿತಿವೆ’ ಎಂದು ನೀವು ಅದನ್ನು ಬೇಗ ಮುಗಿಸಿಬಿಟ್ಟಿದ್ದೀರಿ. ಇಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು.

ಅಡಿಕೆ ಅಂಗಡಿಯನ್ನೇ ತೆಗೆದುಕೊಳ್ಳಿ. ಕೃಷಿಕರೊಬ್ಬರು ತಂದ ಗೋಣಿಗಳು ತೂಕವಾಗಿವೆ. ಹಳೆ ಅಡಿಕೆ ಇಷ್ಟು, ಹೊಸತು ಇಷ್ಟು, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ದರ್ಜೆಗಳವು ಇಷ್ಟಿಷ್ಟು ಎಂದು ಫೋನಿನಲ್ಲಿ ಬರೆದು, ಒಂದೊಂದಕ್ಕೆ ಅದರದರ ದರ ಹಾಕಿ ‘ಉಳಿಸು’ ಎಂದು ಒತ್ತುವಷ್ಟರಲ್ಲಿ ಕರೆಂಟ್ ಹೋಗಿ ಸಿಗ್ನಲ್ ಕೂಡ ಇಲ್ಲವಾಗುತ್ತದೆ. ಸಾಧಾರಣ ಆ್ಯಪ್‌ನಲ್ಲಿ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಅಂಗಡಿಯವರು ತಾಳ್ಮೆಗೆಟ್ಟು ಇನ್ನೊಮ್ಮೆ ಒತ್ತುತ್ತಾರೆ. ಸಿಗ್ನಲ್ ಮರಳಿದಾಗ ಎರಡೂ ಸಲದ ಕೋರಿಕೆ ಸರ್ವರಿಗೆ ಹೋಗಿ ಒಂದೇ ಖರೀದಿ ಎರಡಾಗಿ ದಾಖಲಾಗುತ್ತದೆ, ತಿಂಗಳ ಕೊನೆಯಲ್ಲಿ ಲೆಕ್ಕ ಕೂಡುವುದಿಲ್ಲ. ಸರಿಯಾಗಿ ಕಟ್ಟಿದ ಆ್ಯಪ್ ಮೊದಲು ದಾಖಲೆಯನ್ನು ಫೋನಿನೊಳಗಿನ ಎಸ್‌ಕ್ಯೂಲೈಟ್‌ನಂಥ ಡೇಟಾಬೇಸಿನಲ್ಲಿ ಬರೆದುಕೊಂಡು, ಅದಕ್ಕೆ ಫೋನಿನಲ್ಲಿಯೇ ಒಂದು ವಿಶಿಷ್ಟ ಗುರುತುಸಂಖ್ಯೆ ಕೊಟ್ಟು, ಚೀಟಿಯನ್ನು ಕೂಡಲೇ ತೋರಿಸಿಬಿಡುತ್ತದೆ. ನೆಟ್‌ವರ್ಕ್ ಬಂದಾಗ ಸರತಿಯಲ್ಲಿ ಕಳುಹಿಸುತ್ತದೆ. ಅದೇ ಗುರುತುಸಂಖ್ಯೆ ಎರಡನೆಯ ಸಲ ಬಂದರೆ ಸರ್ವರ್ ಅದನ್ನು ಹೊಸ ಖರೀದಿಯೆಂದು ಎಣಿಸುವುದಿಲ್ಲ. ನೀವು ಇದನ್ನು ಮಾಡಿದ್ದೀರಿ ಎಂದಾದರೆ, ತಾಂತ್ರಿಕ ಪದಗಳಿಲ್ಲದೆ ‘ಒಂದನ್ನೂ ಬಿಡುವುದಿಲ್ಲ, ಒಂದನ್ನೂ ಎರಡು ಸಲ ಬರೆಯುವುದಿಲ್ಲ’ ಎಂದು ಸೇರಿಸಿ. ಎರಡು ಸಲ ದಾಖಲಾದ ಬಿಲ್ಲಿನಿಂದ ನಷ್ಟ ಅನುಭವಿಸಿದ ವ್ಯಾಪಾರಿಗೆ ಆ ಒಂದು ವಾಕ್ಯ ಸಾಕು, ಅವರು ಅಲ್ಲಿಂದಲೇ ಫೋನ್ ಮಾಡುತ್ತಾರೆ.

ಭಾಷೆಯ ಮಾತು ಅರ್ಧ ದಾರಿಯಲ್ಲಿ ನಿಂತಿದೆ ಎಂದೆ. ನಾಲ್ಕು ಭಾಷೆಗಳ ಪಟ್ಟಿ ಚೆನ್ನಾಗಿದೆ, ‘ಬೈಸಿಕೊಂಡ’ ಎಂಬಲ್ಲಿ ಅದು ದಾರಿ ತಪ್ಪಿತು. ಬೈಸಿಕೊಂಡದ್ದು ಯಾಕೆ, ಕೆಲಸ ಕೆಟ್ಟದ್ದಕ್ಕೇ ಎಂದು ಗ್ರಾಹಕನಿಗೆ ಅನಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಾಸರಗೋಡಿನ ಡೆವಲಪರ್‌ಗೆ ಬೇರೆಯವರಿಗಿಲ್ಲದ ಒಂದು ದೊಡ್ಡ ಬಲ ಇಲ್ಲಿದೆ, ಅದನ್ನು ನೀವು ಹೇಳದೆ ಬಿಟ್ಟಿದ್ದೀರಿ. 1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ನಮ್ಮ ಜನರ ದಿನನಿತ್ಯದ ಕಾಗದಪತ್ರ ಎರಡು ಲಿಪಿಗಳಲ್ಲಿ ನಡೆಯುತ್ತ ಬಂದಿದೆ. ಒಬ್ಬರೇ ಗ್ರಾಹಕರು ಒಂದು ಪುಸ್ತಕದಲ್ಲಿ ಕನ್ನಡದಲ್ಲಿಯೂ ಇನ್ನೊಂದರಲ್ಲಿ ಮಲಯಾಳಂನಲ್ಲಿಯೂ ಇರುತ್ತಾರೆ. ಈ ತೊಡಕು ಆ್ಯಪ್‌ನೊಳಗೂ ಬರುತ್ತದೆ.

ಗೋಪಾಲನ್ ಎಂಬ ಹೆಸರನ್ನು ನೋಡಿ. ಕನ್ನಡದ ‘ಗೋ’ ಅಕ್ಷರದ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ (ಎಲ್ಲ ಲಿಪಿಗಳ ಅಕ್ಷರಗಳಿಗೆ ಯಂತ್ರದೊಳಗೆ ಕೊಡುವ ಸಂಕೇತಗಳ ಜಾಗತಿಕ ಪಟ್ಟಿ) ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡುಗಳ ಸಂಕೇತವಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಯಂತ್ರಕ್ಕೆ ಅವು ಬೇರೆ ಬೇರೆ. ಮಲಯಾಳಂನಲ್ಲಿ ಆ ಹೆಸರಿನ ಕೊನೆಯ ‘ನ್’ ಚಿಲ್ಲಕ್ಷರ, ಅಂದರೆ ಸ್ವರವಿಲ್ಲದೆ ನಿಲ್ಲುವ ವ್ಯಂಜನಕ್ಕಿರುವ ಬೇರೆಯದೇ ಅಕ್ಷರರೂಪ. 2008ರಲ್ಲಿ ಬಂದ ಯುನಿಕೋಡ್ 5.1ರಲ್ಲಿ ಚಿಲ್ಲಕ್ಷರಗಳಿಗೆ ಪ್ರತ್ಯೇಕ ಸಂಕೇತಗಳು ದೊರೆತವು, ಅದಕ್ಕೆ ಮೊದಲು ಅವನ್ನು ವ್ಯಂಜನ, ಚಂದ್ರಕ್ಕಲ (ಸ್ವರವಿಲ್ಲವೆಂದು ತೋರಿಸುವ ಚಿಹ್ನೆ) ಮತ್ತು ಕಣ್ಣಿಗೆ ಕಾಣದ ಜೋಡಕವೊಂದನ್ನು ಸೇರಿಸಿ ಬರೆಯುತ್ತಿದ್ದರು. ಹಳೆಯ ಪಟ್ಟಿಯಲ್ಲಿರುವ ಗೋಪಾಲನ್‌ರನ್ನು ಹೊಸ ಕೀಬೋರ್ಡಿನಲ್ಲಿ ಟೈಪಿಸಿ ಹುಡುಕಿದರೆ ‘ಇಂಥವರು ಇಲ್ಲ’ ಎಂಬ ಉತ್ತರ ಬರಲು ಕಾರಣ ಇದು. ಕನ್ನಡದ ಸ್ವರಚಿಹ್ನೆಯ ತೊಂದರೆ ಯುನಿಕೋಡ್ ನಾರ್ಮಲೈಸೇಷನ್, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಸಂಕೇತರೂಪಗಳನ್ನು ಒಂದೇ ರೂಪಕ್ಕೆ ತರುವ ಕ್ರಿಯೆ, ಮಾಡಿದರೆ ನೀಗುತ್ತದೆ. ಚಿಲ್ಲಕ್ಷರದ್ದು ಅದರಿಂದಲೂ ನೀಗುವುದಿಲ್ಲ, ಡೆವಲಪರ್ ತಾನೇ ನಿಯಮ ಬರೆಯಬೇಕು. ಇನ್ನು ಗಡಿಯಾಚೆ ಕರ್ನಾಟಕದ ಗ್ರಾಹಕರು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿಟ್ಟ ಪಟ್ಟಿಯನ್ನು ಕೊಟ್ಟರೆ ಅದನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳದೆ ಒಂದು ಹೆಸರೂ ಓದಲು ಬರುವುದಿಲ್ಲ. ಇದೆಲ್ಲ ನಿಮಗೆ ದಿನನಿತ್ಯದ ಸಂಗತಿಯಾಗಿರುವುದರಿಂದ ಹೇಳಿಕೊಳ್ಳುವಂಥದ್ದು ಎಂದು ಅನಿಸಿರಲಾರದು. ದೂರದ ನಗರದ ಕಂಪನಿಗೆ ಇದು ಎದುರಾಗುವುದು ಗ್ರಾಹಕರು ದೂರು ಕೊಟ್ಟ ಮೇಲೆ.

ಗಡಿನಾಡಿನವರಾದ ನಾವು ಒಂದು ಎಚ್ಚರವನ್ನು ಇಲ್ಲಿ ಇಟ್ಟುಕೊಳ್ಳಬೇಕು. ಭಾಷೆಗಳ ಬಗ್ಗೆ ನಗುವುದು ಬೇರೆ, ಭಾಷಿಕರ ಬಗ್ಗೆ ನಗುವುದು ಬೇರೆ. ಮಲಯಾಳಿಗಳು ಹೀಗೆ, ಘಟ್ಟದ ಮೇಲಿನವರು ಹಾಗೆ ಎಂಬ ಮಾತು ಮನೆಯ ಚಾವಡಿಯಲ್ಲಿ ಎಷ್ಟೇ ಸಲೀಸಾಗಿ ನಡೆದರೂ ಸ್ವಪರಿಚಯದಲ್ಲಿ ಅದಕ್ಕೆ ಜಾಗವಿಲ್ಲ. ಇಲ್ಲಿನ ಕನ್ನಡಿಗರಿಗೆ ಭಾಷೆ ಹೃದಯಕ್ಕೆ ಹತ್ತಿರದ ವಿಷಯ. ಶಾಲೆ, ಕಚೇರಿ, ಉದ್ಯೋಗಗಳಲ್ಲಿ ಅದಕ್ಕಾಗಿ ನೋವುಂಡವರು ನಮ್ಮ ನಡುವೆ ಇದ್ದಾರೆ. ಹಾಗೆಯೇ ನಿಮ್ಮ ಹಿಂದೆ ಕೆಲಸ ಮಾಡಿದ ಡೆವಲಪರ್ ಬಗ್ಗೆ, ಗ್ರಾಹಕರಿಗೆ ತಂತ್ರಜ್ಞಾನ ತಿಳಿಯುವುದಿಲ್ಲ ಎಂಬುದರ ಬಗ್ಗೆ ತಮಾಷೆ ಮಾಡಬೇಡಿ. ಓದುತ್ತಿರುವವರು ನಾಳೆ ತಮ್ಮ ಬಗ್ಗೆಯೂ ನೀವು ಹೀಗೆಯೇ ಬರೆಯುತ್ತೀರೆಂದು ತಿಳಿದುಕೊಳ್ಳುತ್ತಾರೆ.

ಹಣ, ಅವಧಿ, ಹಕ್ಕು ಈ ಮೂರನ್ನು ಸಾದಾ ವಾಕ್ಯಗಳಲ್ಲೇ ಬರೆಯಿರಿ. ದರ ಸಿದ್ಧವಾಗಿ ಹೇಳಲಾಗದಿದ್ದರೆ ಅದನ್ನು ಹೇಗೆ ನಿರ್ಧರಿಸುತ್ತೀರಿ ಎಂಬುದನ್ನಾದರೂ ಹೇಳಿ. ಆ್ಯಪ್ ಸ್ಟೋರ್‌ಗಳ ಶುಲ್ಕ ನಿಮ್ಮ ದರದಲ್ಲಿ ಸೇರಿಲ್ಲವಾದರೆ ಅದೂ ಮೊದಲೇ ತಿಳಿದಿರಲಿ: ಗೂಗಲ್ ಪ್ಲೇ ಡೆವಲಪರ್ ಖಾತೆಗೆ ಒಮ್ಮೆ 25 ಡಾಲರ್, ಆ್ಯಪಲ್‌ನದಕ್ಕೆ ಪ್ರತಿ ವರ್ಷ 99 ಡಾಲರ್. ಈ ಖಾತೆಗಳು ಗ್ರಾಹಕರ ಹೆಸರಿನಲ್ಲೇ ಇರುತ್ತವೆ ಎಂದು ನೀವಾಗಿಯೇ ಹೇಳಿದರೆ ಅವರ ನಾಲ್ಕನೆಯ ಭಯದ ಅರ್ಧ ಭಾಗ ಅಲ್ಲಿಗೇ ಕಳೆಯುತ್ತದೆ.

ಉಳಿದ ಅರ್ಧ ಹಕ್ಕಿಗೆ ಸಂಬಂಧಿಸಿದ್ದು, ಇದರ ಬಗ್ಗೆ ಡೆವಲಪರ್‌ಗಳಿಗೂ ಗ್ರಾಹಕರಿಗೂ ತಪ್ಪು ತಿಳಿವಳಿಕೆ ಇದೆ. ಹಣ ಕೊಟ್ಟ ಮಾತ್ರಕ್ಕೆ ಕೋಡ್ ತಮ್ಮದಾಯಿತೆಂದು ಗ್ರಾಹಕರು ನಂಬಿರುತ್ತಾರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯೇ, ಮತ್ತು ಸಂಬಳದ ನೌಕರರಲ್ಲದೆ ಸ್ವತಂತ್ರವಾಗಿ ಬರೆದುಕೊಟ್ಟವರ ವಿಷಯದಲ್ಲಿ ಮೊದಲ ಹಕ್ಕು ಸಾಮಾನ್ಯವಾಗಿ ಬರೆದವರಲ್ಲೇ ಇರುತ್ತದೆ. ಅದು ಗ್ರಾಹಕರಿಗೆ ಹೋಗಬೇಕಾದರೆ ಸಹಿ ಇರುವ ಲಿಖಿತ ಪತ್ರ ಬೇಕು. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಕಾಯಿದೆ ಪರಿಗಣಿಸುತ್ತದೆ. ದುಬೈಯ ಗ್ರಾಹಕರಿಗೆ ಈ ಕೊನೆಯ ಅಂಶ ಎಷ್ಟು ಮುಖ್ಯವೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ‘ಪೂರ್ತಿ ಹಣ ಸಂದ ದಿನ ಕೋಡ್‌ನ ಹಕ್ಕನ್ನು ಎಲ್ಲ ದೇಶಗಳಿಗೆ ಅನ್ವಯಿಸುವಂತೆ, ಪೂರ್ಣ ಅವಧಿಗೆ, ಬರೆದುಕೊಡುತ್ತೇನೆ’ ಎಂಬ ವಾಕ್ಯ ನಿಮ್ಮ ಸ್ವಪರಿಚಯದಲ್ಲಿದ್ದರೆ ಅದು ಹತ್ತು ಪ್ರಶಂಸಾಪತ್ರಗಳಿಗಿಂತ ಭಾರವಾಗಿರುತ್ತದೆ. ಆ ವಾಕ್ಯದ ಅಕ್ಕಪಕ್ಕದಲ್ಲಿ ನಗೆ ಬೇಡ.

ಕೆಲಸ ಮುಗಿಸುವ ಅವಧಿಯ ಬಗ್ಗೆ ಮಾತ್ರ ನಾನು ಸ್ವಲ್ಪ ಸಡಿಲ ಕೊಡುತ್ತೇನೆ, ಏಕೆಂದರೆ ಅಲ್ಲಿ ನಿಮಗೆ ಒದಗಿಬರುವ ಒಂದು ನಿಯಮವಿದೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಪ್ಲೇ ಖಾತೆಯಿಂದ ಹೊಸ ಆ್ಯಪನ್ನು ಸಾರ್ವಜನಿಕವಾಗಿ ಬಿಡುಗಡೆ ಮಾಡುವ ಮೊದಲು, ಕನಿಷ್ಠ 12 ಮಂದಿ ಪರೀಕ್ಷಕರು ಸತತವಾಗಿ 14 ದಿನ ಅದರ ಕ್ಲೋಸ್ಡ್ ಟೆಸ್ಟ್‌ನಲ್ಲಿ (ಆಯ್ದವರಿಗೆ ಮಾತ್ರ ತೆರೆದ ಪರೀಕ್ಷೆ) ಇರಬೇಕು. ಆರಂಭದಲ್ಲಿ ಈ ಸಂಖ್ಯೆ 20 ಇತ್ತು, ಆಮೇಲೆ ಇಳಿಸಿದರು. ಒಂಟಿಯಾಗಿ ಕೆಲಸ ಮಾಡುವ ಡೆವಲಪರ್‌ಗಳು ಪರೀಕ್ಷಕರನ್ನು ಹುಡುಕಲು ಪಾಡುಪಡುವುದನ್ನು ನಾನು ಕಂಡಿದ್ದೇನೆ. ನಿಮ್ಮದೋ ಕೂಡುಕುಟುಂಬ. ಇಲ್ಲಿ ನಗೆಗೆ ಜಾಗವಿದೆ, ಆ ನಗೆಯ ಒಳಗೆ ಗ್ರಾಹಕರಿಗೆ ತಿಳಿದಿರಲೇಬೇಕಾದ ಎರಡು ವಾರಗಳ ಲೆಕ್ಕವೂ ಇದೆ.

ಎಲ್ಲಕ್ಕಿಂತ ಒಳ್ಳೆಯ ನಗೆ ನಿಮ್ಮ ಸ್ವಪರಿಚಯದಲ್ಲಿ ಇಲ್ಲವೇ ಇಲ್ಲ; ಅದು ನಿಮ್ಮ ಪತ್ರದ ಕೊನೆಯಲ್ಲಿ, ಮೊಮ್ಮಗಳ ಚಿತ್ರದ ಮಾತಿನಲ್ಲಿದೆ. ಅದನ್ನು ನೀವು ನಗಿಸಲೆಂದು ಬರೆಯಲಿಲ್ಲ, ನಡೆದದ್ದನ್ನು ಹೇಳಿದಿರಿ. ಅನುಮಾನದಿಂದ ಎರಡು ಕಡೆ ಲೆಕ್ಕ ಬರೆಯುತ್ತಿದ್ದವರು ಪುಸ್ತಕವನ್ನು ಮಗುವಿನ ಕೈಗೆ ಬಿಟ್ಟರು ಎಂದರೆ ಆ್ಯಪ್‌ನ ಬಗ್ಗೆ ಅವರಿಗೆ ಸಂಪೂರ್ಣ ಭರವಸೆ ಬಂತೆಂದೇ ಅರ್ಥ. ಗ್ರಾಹಕರು ಕೇಳುತ್ತಿರುವ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಇರಲಾರದು, ಮತ್ತು ಓದುವವರ ಮುಖದಲ್ಲಿ ನಗು ಮೂಡಿಯೇ ಮೂಡುತ್ತದೆ. ಸ್ವಪರಿಚಯಕ್ಕೆ ಹಾಸ್ಯ ಬೇಕೆಂದು ಕುಳಿತು ಕಟ್ಟುವುದಕ್ಕಿಂತ ಮುಗಿಸಿದ ಕೆಲಸಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳಿ. ಶಾಲೆಗಾಗಲಿ ಅಂಗಡಿಗಾಗಲಿ ಆ್ಯಪ್ ಕೊಟ್ಟ ಮೊದಲ ವಾರದಲ್ಲಿ ಇಂಥ ಒಂದಾದರೂ ಪ್ರಸಂಗ ನಡೆದೇ ಇರುತ್ತದೆ.

ಈ ಎಲ್ಲವನ್ನೂ ಕೂಡಿಸಿ ನಿಮ್ಮ ಸಾಮಗ್ರಿಯಿಂದಲೇ ಒಂದು ಕರಡು ಬರೆದಿದ್ದೇನೆ. ಅದರಲ್ಲಿ ಬರುವ ಫ್ಲಟರ್ (ಆ್ಯಪ್ ಕಟ್ಟುವ ಸಲಕರಣೆ) ಎಂಬುದು ನನ್ನ ಊಹೆ, ನೀವು ಬಳಸುವುದು ಕೋಟ್ಲಿನ್ ಅಥವಾ ರಿಯಾಕ್ಟ್ ನೇಟಿವ್ ಆಗಿದ್ದರೆ ಬದಲಾಯಿಸಿ. ಹುಡುಕಾಟದ ಮಾತು, ದುರಸ್ತಿಯ ಅವಧಿ, ಕಂತುಗಳ ಮಾತು ಕೂಡ ನೀವು ನಿಜವಾಗಿ ನಡೆಸಿಕೊಡಬಲ್ಲಿರಾದರೆ ಮಾತ್ರ ಇರಲಿ.

“ನಮಸ್ಕಾರ. ಮಳೆಗಾಲದಲ್ಲಿ ಕರೆಂಟ್ ಹೋದರೆ ಸುದ್ದಿಯಲ್ಲ, ಬಂದರೆ ಸುದ್ದಿ ಎನ್ನುವ ಊರಿನಲ್ಲಿ ಕುಳಿತು ಆ್ಯಪ್ ಮಾಡುವವನು ನಾನು. ಆದ್ದರಿಂದ ನನ್ನ ಆ್ಯಪ್‌ಗಳು ಇಂಟರ್ನೆಟ್ ಇಲ್ಲದಾಗಲೂ ಲೆಕ್ಕ ಬರೆಯುತ್ತವೆ. ಸಿಗ್ನಲ್ ಬಂದಾಗ ಒಂದನ್ನೂ ಬಿಡದೆ, ಒಂದನ್ನೂ ಎರಡು ಸಲ ಬರೆಯದೆ ಒಪ್ಪಿಸುತ್ತವೆ.

ಆಂಡ್ರಾಯ್ಡ್ ಮತ್ತು ಐಫೋನ್ ಎರಡಕ್ಕೂ ಫ್ಲಟರ್‌ನಲ್ಲಿ ಕೆಲಸ ಮಾಡುತ್ತೇನೆ. ಅಡಿಕೆ ಖರೀದಿ ಅಂಗಡಿಯೊಂದಕ್ಕೆ ಮಾಡಿಕೊಟ್ಟ ಆ್ಯಪ್ ಪಟೋರದಿಂದ ಕರಿಗೋಟಿನವರೆಗೆ ಎಲ್ಲದಕ್ಕೂ ಬೇರೆ ಬೇರೆ ದರ ಹಾಕಿ ಚೀಟಿ ಕೊಡುತ್ತದೆ. ಯಜಮಾನರು ಮೊದಮೊದಲು ಪುಸ್ತಕದಲ್ಲೂ ಲೆಕ್ಕ ಬರೆದು ತಾಳೆ ನೋಡುತ್ತಿದ್ದರು. ಈಗ ಆ ಪುಸ್ತಕದಲ್ಲಿ ಅವರ ಮೊಮ್ಮಗಳು ಚಿತ್ರ ಬರೆಯುತ್ತಿದ್ದಾಳೆ.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳಂ, ಕಂಪ್ಯೂಟರ್ ಎದುರು ಇಂಗ್ಲಿಷ್ ಆಡುತ್ತ ಬೆಳೆದವನು ನಾನು. ನಿಮ್ಮ ಗೋಪಾಲನ್ ಕನ್ನಡದಲ್ಲಿ ಬಂದರೂ ಮಲಯಾಳಂನಲ್ಲಿ ಬಂದರೂ, ಹಳೆಯ ಪಟ್ಟಿಯಲ್ಲಿ ಅಡಗಿ ಕುಳಿತಿದ್ದರೂ, ನನ್ನ ಆ್ಯಪ್ ಅವರನ್ನು ಹುಡುಕಿ ಕರೆತರುತ್ತದೆ.

ಪ್ಲೇ ಸ್ಟೋರ್‌ನಲ್ಲಿ ಬಿಡುಗಡೆಯಾಗುವ ಮೊದಲು ಹೊಸ ವೈಯಕ್ತಿಕ ಖಾತೆಯ ಆ್ಯಪನ್ನು 12 ಮಂದಿ 14 ದಿನ ಪರೀಕ್ಷಿಸಬೇಕೆಂಬ ನಿಯಮವಿದೆ. 12 ಮಂದಿ ನಮ್ಮ ಮನೆಯ ಊಟದ ಪಂಕ್ತಿಯಲ್ಲೇ ಸಿಗುತ್ತಾರೆ, ಅವರಲ್ಲಿ ಸುಮ್ಮನೆ ಹೊಗಳುವವರು ಒಬ್ಬರೂ ಇಲ್ಲ. 14 ದಿನವನ್ನು ಯಾರಿಂದಲೂ ಕಡಿಮೆ ಮಾಡಿಸಲಾಗದು, ಹಾಗಾಗಿ ಅದನ್ನೂ ಸೇರಿಸಿಯೇ ನಿಮಗೆ ದಿನಾಂಕ ಹೇಳುತ್ತೇನೆ.

ಕೆಲಸದ ವಿವರ ಕೇಳಿದ ಮೇಲೆ ದರ ಮತ್ತು ದಿನಾಂಕವನ್ನು ಬರಹದಲ್ಲಿ ಕೊಡುತ್ತೇನೆ. ಹಣವನ್ನು ಮೂರು ಕಂತುಗಳಲ್ಲಿ, ಪ್ರತಿ ಹಂತದ ಕೆಲಸ ನೋಡಿದ ಮೇಲೆ ಕೊಡಬಹುದು. ಖಾತೆಗಳು ನಿಮ್ಮ ಹೆಸರಿನಲ್ಲಿರುತ್ತವೆ. ಪೂರ್ತಿ ಹಣ ಸಂದ ದಿನ ಕೋಡ್‌ನ ಹಕ್ಕನ್ನು ಎಲ್ಲ ದೇಶಗಳಿಗೆ ಅನ್ವಯಿಸುವಂತೆ, ಪೂರ್ಣ ಅವಧಿಗೆ ಬರೆದುಕೊಡುತ್ತೇನೆ. ಬಿಡುಗಡೆಯಾದ ಮೇಲೆ ಆರು ತಿಂಗಳವರೆಗೆ ಕಂಡುಬರುವ ದೋಷಗಳನ್ನು ಬೇರೆ ಶುಲ್ಕವಿಲ್ಲದೆ ಸರಿಪಡಿಸುತ್ತೇನೆ.”

ಗಮನಿಸಿ, ನಗೆಯೆಲ್ಲ ಮೊದಲ ನಾಲ್ಕು ಭಾಗಗಳಲ್ಲಿ ಮುಗಿದಿದೆ, ಕೊನೆಯ ಭಾಗ ಕರಾರಿನ ಭಾಷೆಯಲ್ಲಿದೆ. ಮುಗಿಸುವ ವಾಕ್ಯದಲ್ಲಿ ಇನ್ನೊಂದು ತಮಾಷೆ ಸೇರಿಸೋಣ ಎಂಬ ಆಸೆ ಬಂದರೆ ತಡೆಯಿರಿ. ಕರೆಂಟ್ ಮಾತನ್ನು ಮೊದಲಿಗೆ ತಂದದ್ದಕ್ಕೂ ಕಾರಣವಿದೆ: ವಾಟ್ಸ್‌ಆ್ಯಪ್‌ನಲ್ಲಾಗಲಿ, ಸ್ವತಂತ್ರ ಕೆಲಸಗಾರರು ಗ್ರಾಹಕರನ್ನು ಹುಡುಕುವ ಅಪ್‌ವರ್ಕ್‌ನಂಥ ತಾಣಗಳಲ್ಲಾಗಲಿ ಉದ್ದ ಬರಹದ ಆರಂಭದ ಭಾಗವಷ್ಟೇ ಮೊದಲು ಕಾಣುತ್ತದೆ, ಉಳಿದದ್ದನ್ನು ಒತ್ತಿ ತೆರೆಯಬೇಕು. ನಿಮ್ಮ ಮೂಲ ಬರಹದಲ್ಲಿ ಆ ಅಮೂಲ್ಯ ಜಾಗವನ್ನು ಚಹಾ ಮತ್ತು ಬಾರದ ನಾಳೆ ಆಕ್ರಮಿಸಿದ್ದವು. ಉತ್ತರ ಬಾರದಿರಲು ಇದು ಒಂದೇ ಕಾರಣವೆಂದು ನಾನು ಹೇಳುವುದಿಲ್ಲ, ಆದರೆ ಮುಖ್ಯ ಕಾರಣಗಳಲ್ಲಿ ಇದೂ ಒಂದೆಂದು ನನ್ನ ದೃಢವಾದ ಅಭಿಪ್ರಾಯ.

ಗ್ರಾಹಕರಿಗೆ ತಕ್ಕಂತೆ ಮಧ್ಯದ ಭಾಗ ಬದಲಾಗಲಿ. ಕ್ಲಿನಿಕ್‌ನವರಿಗೆ ಕಳುಹಿಸುವಾಗ ಅಡಿಕೆಯ ವಿವರ ಕಡಿಮೆ ಮಾಡಿ. ರೋಗಿಗಳ ಮಾಹಿತಿ ಎಲ್ಲಿ ಉಳಿಯುತ್ತದೆ, ಯಾರು ನೋಡಬಲ್ಲರು ಎಂಬುದನ್ನು ನಗೆಯಿಲ್ಲದೆ ಹೇಳಿ. ಬೆಂಗಳೂರಿನ ಕಂಪನಿಗೆ ಪಟೋರ, ಕರಿಗೋಟು ಗೊತ್ತಿರುವುದಿಲ್ಲ. ‘ಅಡಿಕೆಯ ಐದು ದರ್ಜೆಗಳು’ ಎಂದರೆ ಸಾಕು. ಮೊಮ್ಮಗಳ ಪ್ರಸಂಗ ಮಾತ್ರ ಎಲ್ಲ ಕಡೆಯೂ ನಡೆಯುತ್ತದೆ, ಆದರೆ ಬಳಸುವ ಮೊದಲು ಅಂಗಡಿಯ ಯಜಮಾನರನ್ನು ಒಂದು ಮಾತು ಕೇಳಿ. ಅವರು ಒಪ್ಪಿದರೆ, ವಿಚಾರಿಸಬಯಸುವವರಿಗೆ ಅವರ ಫೋನ್ ಸಂಖ್ಯೆ ಕೊಡಬಹುದೇ ಎಂದೂ ಅದೇ ಸಂದರ್ಭದಲ್ಲಿ ಕೇಳಿಬಿಡಿ.

ಮಲಯಾಳಂ ಮತ್ತು ಇಂಗ್ಲಿಷ್ ಆವೃತ್ತಿಗಳನ್ನು ಈ ಕನ್ನಡದಿಂದ ವಾಕ್ಯಕ್ಕೆ ವಾಕ್ಯ ಇಳಿಸಬೇಡಿ. ಅದೇ ಸಂಗತಿಗಳನ್ನು ಮುಂದಿಟ್ಟುಕೊಂಡು ಹೊಸದಾಗಿ ಬರೆಯಿರಿ, ಮತ್ತು ಆ ಭಾಷೆಯನ್ನು ಮನೆಯಲ್ಲಿ ಆಡುವ, ನಿಮ್ಮನ್ನು ಹೆಚ್ಚು ಬಲ್ಲವರಲ್ಲದ ಒಬ್ಬರಿಗೆ ಓದಲು ಕೊಡಿ. ಅವರು ನಕ್ಕರೇ ಎಂದು ಕೇಳಬೇಡಿ. ಓದಿ ಮುಗಿಸಿದ ಮೇಲೆ, ಈ ಮನುಷ್ಯ ಏನು ಕೆಲಸ ಮಾಡಿಕೊಡುತ್ತಾನೆ, ಯಾವಾಗ ಕೊಡುತ್ತಾನೆ, ಕೆಟ್ಟರೆ ಏನು ಮಾಡುತ್ತಾನೆ ಎಂದು ಕೇಳಿ. ಮೂರಕ್ಕೂ ಅವರು ತಡವರಿಸದೆ ಉತ್ತರ ಹೇಳಿದರೆ ಆ ಆವೃತ್ತಿಯನ್ನು ಕಳುಹಿಸಬಹುದು. ತಡವರಿಸಿದ ಕಡೆ ವಾಕ್ಯವನ್ನು ಇನ್ನೊಮ್ಮೆ ಬರೆಯಿರಿ.